ಮೂಡಲ ತುದಿಯ ಒಲೆ

ನಮ್ಮ ಊರು ಬೆಳಿಗ್ಗೆ ಮೂಡಲಕ್ಕೆ ವಾಲುತ್ತದೆ, ಸಂಜೆ ಪಡುವಲಕ್ಕೆ. ನಡುವೆ ಹೊತ್ತು ನೆತ್ತಿಗೆ ಬಂದಾಗ ಅರ್ಧ ತಾಸು ಮಟ್ಟವಾಗಿ ನಿಲ್ಲುತ್ತದೆ. ವಾಲುವುದೆಂದರೆ ಹೆಚ್ಚೇನಿಲ್ಲ, ಹೊರಸಿನ ಒಂದು ಬದಿಯ ಕಾಲಿಗೆ ಮೂರು ಬೆರಳು ದಪ್ಪದ ಬೆಣೆ ಕೊಟ್ಟರೆ ಸರಿಹೋಗುವಷ್ಟು. ಆದರೆ ಆ ಬೆಣೆಯನ್ನು ಬೆಳಿಗ್ಗೆ ಒಂದು ಬದಿಗೆ, ಸಂಜೆ ಇನ್ನೊಂದು ಬದಿಗೆ ಕೊಡಬೇಕು. ಎಣ್ಣೆ ಅಳೆಯುವುದು, ಹಾಲು ಅಳೆಯುವುದು, ಗೋಡೆ ಕಟ್ಟುವುದು, ತಾಳಿ ಕಟ್ಟುವುದು ಎಲ್ಲ ಮಟ್ಟದ ಹೊತ್ತಿನಲ್ಲೇ ಆಗಬೇಕು. ಬಾಕಿ ಹೊತ್ತಿನಲ್ಲಿ ಒಂದಲ್ಲ ಒಂದು ಉರುಳುತ್ತಿರುತ್ತದೆ. ನಿಂಬೆಹಣ್ಣು, ಉಳ್ಳಾಗಡ್ಡಿ, ದಾರದ ಉಂಡೆ, ಮಕ್ಕಳ ಗೋಲಿ, ಯಾವುದೋ ಮನೆಯ ಹಿತ್ತಾಳೆ ಚಂಬು. ಬೆಳಿಗ್ಗೆ ನಿಮ್ಮ ಮನೆಗೆ ಉರುಳಿ ಬಂದದ್ದನ್ನು ಹೊಸ್ತಿಲ ಪಕ್ಕ ಎತ್ತಿಟ್ಟುಕೊಂಡು, ಸಂಜೆ ಊರು ಆ ಕಡೆ ವಾಲಿದಾಗ ಬಿಟ್ಟುಬಿಟ್ಟರೆ ಅದು ತನ್ನ ಮನೆ ಸೇರುತ್ತದೆ. ಇದು ಹಿರಿಯರು ಹಾಕಿಕೊಟ್ಟ ಕಟ್ಟು. ಒಮ್ಮೆ ನಮ್ಮ ಓಣಿಯಲ್ಲಿ ವಾರಸುದಾರರಿಲ್ಲದ ಒಂದು ಕುಂಬಳಕಾಯಿ ಎಂಟು ದಿನ ಹೋಗುತ್ತ ಬರುತ್ತ ಇತ್ತು. ಒಂಬತ್ತನೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಠದ ದಾಸೋಹಕ್ಕೆ ಕೊಟ್ಟೆವು.

ಇಂಥ ಊರಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವ ನಡತೆ ಎಂದರೆ ಗೋಡೆಗೆ ಸರಿಯಾಗಿ ನಿಲ್ಲುವುದು. ಬಾಗಿಲ ಚೌಕಟ್ಟು ಹೇಗೆ ನಿಂತಿದೆಯೋ ಮನುಷ್ಯ ಹಾಗೆ ನಿಲ್ಲಬೇಕು. ಊರು ವಾಲಿತೆಂದು ತಾನೂ ಓರೆಯಾಗಿ ನಿಂತವರನ್ನು ಕಂಡರೆ ಜನ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಹೆಣ್ಣು ನೋಡಲು ಬಂದವರು ಕೂಡ ಮೊದಲು ಹುಡುಗಿಯನ್ನು ಚೌಕಟ್ಟಿನ ಪಕ್ಕ ನಿಲ್ಲಿಸಿ ನೋಡುತ್ತಿದ್ದರು. ನನ್ನನ್ನೂ ಹಾಗೇ ನೋಡಿದರು. ಬಾಗಿಲಿಗೆ ಇನ್ನೊಂದು ಕಂಬ ನಿಲ್ಲಿಸಿದ ಹಾಗೆ ನಿಂತಿದ್ದೆನಂತೆ. ನಮ್ಮ ಅತ್ತೆ ಅಲ್ಲಿಯೇ ಎಲೆ ಅಡಿಕೆ ಹಾಕಿಕೊಂಡು ಮಾತು ಮುಗಿಸಿದರು.

ಆ ಅತ್ತೆಯಿಂದ ನನಗೆ ಬಂದ ಆಸ್ತಿ ಒಂದೇ, ದಾಸೋಹದ ಮೂಡಲ ತುದಿಯ ಒಲೆ. ಮಠದ ಅಡುಗೆಮನೆ ಉದ್ದನೆಯದು. ಅದರಲ್ಲಿ ಏಳು ರೊಟ್ಟಿ ಒಲೆಗಳು ಒಂದರ ಹಿಂದೆ ಒಂದರಂತೆ ಇವೆ. ಏಳು ಜನ ಹೆಂಗಸರು ಮೂಡಲಕ್ಕೆ ಮುಖ ಮಾಡಿ, ಒಬ್ಬರ ಬೆನ್ನು ಒಬ್ಬರು ನೋಡುತ್ತ ಕೂತು ರೊಟ್ಟಿ ಬಡಿಯುತ್ತೇವೆ. ನನ್ನ ಹಿಂದಿನ ಒಲೆ ಶರಣವ್ವನದು. ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ತುದಿಯ ಒಲೆಯೆಂದರೆ ಎಲ್ಲರಿಗೂ ಗೌರವ. ಮೊದಲ ರೊಟ್ಟಿ ಆ ಒಲೆಯದೇ ಗದ್ದುಗೆಗೆ ಎಡೆಯಾಗುತ್ತದೆ. ಆದರೆ ಬೆಳಿಗ್ಗೆ ಊರು ವಾಲಿದಾಗ ಆರು ಒಲೆಗಳ ಹಿಟ್ಟಿನ ಉಂಡೆಗಳೂ ಉರುಳಿ ಬರುವುದು ಅಲ್ಲಿಗೇ. ಕೈಜಾರಿದ ಪ್ರತಿ ಉಂಡೆಯನ್ನೂ ಬಗ್ಗಿ ಹಿಡಿದು, ಟೊಂಕ ತಿರುಚಿ ಹಿಂದಕ್ಕೆ ಕೊಡುವುದು ನನ್ನ ಪಾಲಿನ ಸೇವೆ. ನಮ್ಮ ಅತ್ತೆ ಕೊನೆಗಾಲದಲ್ಲಿ ಬಿಲ್ಲಿನಂತೆ ಬಾಗಿಹೋಗಿದ್ದರು. ತುದಿಯ ಒಲೆಯವರಿಗೆ ಇದು ಶಿವ ಕೊಡುವ ಪದಕ ಎಂದು ಜನ ಕೈಮುಗಿಯುತ್ತಿದ್ದರು.

ನನಗೂ ಆ ಪದಕ ಬಂತು. ಒಂದು ಬೆಳಿಗ್ಗೆ ಶರಣವ್ವನ ಉಂಡೆ ಉರುಳಿ ಬಂತು, ಬಗ್ಗಿದೆ, ತಿರುಗಿದೆ. ಒಳಗಿಂದ ಯಾರೋ ಒದ್ದೆ ಸೀರೆ ಹಿಂಡಿದಂತಾಯಿತು. ನಾಲ್ಕು ಜನ ಹೊರಸಿನ ಮೇಲೆ ಹಾಕಿಕೊಂಡು ಮನೆಗೆ ತಂದರು. ಎಕ್ಕದ ಎಲೆ ಕಾಸಿ ಕಟ್ಟಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಅಗಲದ ನಡುಪಟ್ಟಿ ಬಿಗಿದದ್ದಾಯಿತು. ಹೊಳೆಯಾಚೆಯ ದವಾಖಾನೆಯಲ್ಲಿ ಫೋಟೋ ತೆಗೆಸಿದೆವು. "ಎಲುಬು ಗಟ್ಟಿ ಅದಾವ, ಹೆದರಬ್ಯಾಡ್ರಿ, ಎದ್ದು ಅಡ್ಡಾಡ್ರಿ" ಎಂದರು ಡಾಕ್ಟರು. ಎದ್ದರೆ ನೋವು ಟೊಂಕದಿಂದ ಇಳಿದು ಎಡಗಾಲಿನ ಮೀನಖಂಡದವರೆಗೆ ಹರಿಯುತ್ತಿತ್ತು. ಹೀಗಾಗಿ ಮಲಗಿದೆ. ಮಲಗಿ ಮಲಗಿ ನೋವು ಮನೆಯ ಮಗಳ ಹಾಗೆ ಬಲಿಯಿತು. ಒಂಬತ್ತು ತಿಂಗಳು ನನ್ನ ಒಲೆ ಆರಿತ್ತು. ಬೆಳಗಿನ ಜಾವ ಮಠದ ಗಂಟೆ ಕೇಳಿದಾಗ ಕೈಗಳು ತಾವಾಗಿಯೇ ಹೊದಿಕೆಯೊಳಗೆ ರೊಟ್ಟಿ ಬಡಿಯುತ್ತಿದ್ದವು. "ಶಿವನೇ, ನೋವು ಕೊಟ್ಟೀ, ಇರಲಿ. ಒಲಿ ಮಾತ್ರ ಕಸಕೋಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದೆ.

ಆಗ ಒಂದು ದಿನ ಮಠದ ಉಗ್ರಾಣ ನೋಡಿಕೊಳ್ಳುವ ಗುರುಪಾದಯ್ಯನವರು ಮನೆಗೆ ಬಂದರು. ಕಟ್ಟಾ ಮನುಷ್ಯರು, ಕೆಟ್ಟವರಲ್ಲ. ಹೊರಸಿನ ಪಕ್ಕ ಚೌಕಟ್ಟಿಗೆ ಸರಿಯಾಗಿ ನಿಂತುಕೊಂಡು ಬಹಳ ಹೊತ್ತು ಜೋಳದ ಸುದ್ದಿ, ಉಪ್ಪಿನ ಸುದ್ದಿ ಮಾತಾಡಿದರು. ಹೊರಡುವಾಗ ಹೇಳಿದರು. "ಮುರಿಗೆವ್ವಾ, ಈ ಕಟ್ಟು ಮಾಡಿದಾಂವ ನಾ ಅಲ್ಲ. ಹಿರೇವಾಲಿನ ದಿನ ಆರಿದ ಒಲಿ ಬ್ಯಾರೆ ಮನಿಗೆ ಹೊಕ್ಕತಿ. ಅವತ್ತ ಮೊದಲನೇ ಪಂಕ್ತಿಯಿಂದ ಕಡೀ ಪಂಕ್ತಿ ತನಕ ನಿನ್ನ ಒಲಿ ಮುಂದ ನೀನ ಇರಬೇಕು. ಇಲ್ಲಂದ್ರ ಶರಣವ್ವನ ಸೊಸಿ ಕುಂಡ್ರತಾಳ. ಮೂರು ತಿಂಗಳು ಟೈಮ್ ಐತಿ."

ಹಿರೇವಾಲು ಎಂದರೆ ವರ್ಷದಲ್ಲಿ ಊರು ಎಲ್ಲಕ್ಕಿಂತ ಹೆಚ್ಚು ವಾಲುವ ದಿನ. ಅಂದು ಮನೆಗಳಲ್ಲಿ ಗಡಿಗೆ ನಿಲ್ಲುವುದಿಲ್ಲ. ಅದಕ್ಕೇ ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ನೆಲಕ್ಕೆ ಹೂಳಿ ಕಟ್ಟಿದ ಮಠದ ಒಲೆಗಳಲ್ಲೇ ಊರಿಗೆಲ್ಲ ಅಡುಗೆ. ಸೂರ್ಯ ಹುಟ್ಟುವ ಮೊದಲು ಕೂತವರು ದೀಪ ಹಚ್ಚುವ ಹೊತ್ತಿಗೆ ಏಳಬೇಕು. ನಾನು ಆಗ ಅರ್ಧ ಗಳಿಗೆ ಕೂರಲಾರದೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವಳು.

ಆ ವಾರವೇ ಬಳೆಗಾರ್ತಿ ಖಾಸಿಂಬಿ ಬಂದಳು. ಹೊಳೆಯಾಚೆಯ ಊರಿನವಳು. ಅಮಾವಾಸ್ಯೆ ಕಳೆದ ಮರುದಿನ ತಪ್ಪದೆ ಬರುತ್ತಾಳೆ. ತಮ್ಮ ಊರು ವಾಲುವುದೇ ಇಲ್ಲ ಎಂದು ಅವಳು ಎಷ್ಟು ಆಣೆ ಮಾಡಿ ಹೇಳಿದರೂ ನಾವು ನಂಬುತ್ತಿರಲಿಲ್ಲ, ವ್ಯಾಪಾರಸ್ತರ ಮಾತು ಎಂದು ಬಿಟ್ಟುಬಿಡುತ್ತಿದ್ದೆವು. ಎಪ್ಪತ್ತು ದಾಟಿದ ಜೀವ. ತಲೆಯ ಮೇಲೆ ಬಳೆಯ ಪೆಟ್ಟಿಗೆ, ಹೆಗಲ ಮೇಲೆ ದಾರಕ್ಕೆ ಪೋಣಿಸಿದ ಬಳೆಗಳ ಸರ. ಇಷ್ಟು ಹೊತ್ತು ಹತ್ತು ಓಣಿ ತಿರುಗಿದರೂ ಒಂದು ಬಳೆ ಒಡೆಯುತ್ತಿರಲಿಲ್ಲ.

ಒಳಗೆ ಬಂದವಳೇ, "ಏನವಾ ಮುರಿಗೆವ್ವಾ, ಬಾಣಂತಿ ಮಲಗಿದಂಗ ಮಲಗೀಯಲ್ಲ! ಹೆಣ್ಣೋ ಗಂಡೋ?" ಎಂದಳು.

"ಟೊಂಕಬ್ಯಾನಿ ಹುಟ್ಟೇತಿ ಅಕ್ಕಾ. ಒಂಬತ್ತು ತಿಂಗಳದ್ದು."

"ಹಂಗಾರ ಹೆಣ್ಣ ಇರಬೇಕು, ಬಿಟ್ಟು ಹೋಗವಲ್ದು." ಪೆಟ್ಟಿಗೆ ಇಳಿಸಿ ನನ್ನ ಕೈ ಹಿಡಿದುಕೊಂಡಳು. ಒಲೆಯ ವಿಷಯ ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವಳು ನನ್ನ ಕೈಗೆ ಹಸಿರು ಬಳೆ ಏರಿಸಿದಳು. ಆಮೇಲೆ, "ನಂಗೂ ನಲವತ್ತಕ್ಕ ಬಂದಿತ್ತವಾ ಇದು. ಗೂನಾಗಿ ನಡೀತಿದ್ದೆ. ತಲಿ ಮ್ಯಾಲಿನ ಈ ಹೊರೀನ ನನಗ ನಡಿಯೋದು ಕಲಿಸ್ತು. ನೆಟ್ಟಗ ನಿಂದ್ರಾಕ ಕಲಿ ಮೊದಲ. ದಿನಾ ಎರಡು ಸಲ, ಸ್ವಲ್ಪ ಸ್ವಲ್ಪ. ಮುಂದಿನ ಅಮಾಸಿ ಮರುದಿನ ಬಂದು ನೋಡ್ತೀನಿ" ಎಂದು ಪೆಟ್ಟಿಗೆ ಹೊತ್ತು ಹೋದಳು.

ನೆಟ್ಟಗೆ ನಿಲ್ಲುವುದು ನಮಗೇನು ಹೊಸದೇ? ಹುಟ್ಟಿದಾಗಿನಿಂದ ಕಲಿತದ್ದು. ಮರುದಿನ ಬೆಳಿಗ್ಗೆಯೇ ನಡುಮನೆಯ ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ಮೂರನ್ನೂ ಅಂಟಿಸಿ ನಿಂತೆ. ಎದೆ ಎತ್ತಿದೆ, ಹೊಟ್ಟೆ ಒಳಕ್ಕೆ ಎಳೆದೆ, ಹಲ್ಲು ಕಚ್ಚಿದೆ. ಬೆವರು ಕಿತ್ತುಕೊಂಡು ಬಂತು. ಎರಡನೆಯ ವಾರಕ್ಕೆ ನೋವು ಬೆನ್ನಿನ ಮೇಲ್ಭಾಗಕ್ಕೂ ಹತ್ತಿತು. ನಮ್ಮ ಮನೆಯವರು ಅಡಿವೆಪ್ಪ ಬಡಗಿ. ಅವರು ಬೆಣೆ ಕೆತ್ತುತ್ತ ಓರೆಗಣ್ಣಿನಲ್ಲಿ ನೋಡಿ, "ಗ್ವಾಡಿಗೆ ಮೊಳಿ ಹೊಡೆದಂಗ ನಿಂತೀಯಲ್ಲ. ಸಾಕ ಬಿಡ" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ನೋವು ಹೆಚ್ಚಾದಷ್ಟೂ ಸೇವೆ ಗಟ್ಟಿಯಾಗುತ್ತದೆ ಎಂದುಕೊಂಡೆ. ಹೀಗೆ ಮೂರು ತಿಂಗಳಲ್ಲಿ ಒಂದು ತಿಂಗಳು ಹೋಯಿತು.

ಹೇಳಿದ ದಿನ ಖಾಸಿಂಬಿ ಬಂದಾಗ ಬೆಳಗಿನ ಹೊತ್ತು, ಊರು ಮೂಡಲಕ್ಕೆ ವಾಲಿತ್ತು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಅವಳು ಬಾಗಿಲಲ್ಲೇ ನಿಂತು ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅಯ್ಯ ನನ್ನ ಹುಚ್ಚೀ! ಗ್ವಾಡಿನ ವಾಲೇತಿ. ನೀ ಅದನ್ನ ಗುರು ಮಾಡ್ಕೊಂಡೀಯಲ್ಲ!"

"ಗ್ವಾಡಿಗೆ ಸರಿ ನಿಂತರ ನೆಟ್ಟಗ ನಿಂತಂಗ ಅಲ್ಲೇನ ಅಕ್ಕಾ?"

ಅವಳು ಹೆಗಲ ಮೇಲಿನ ಬಳೆಯ ಸರವನ್ನು ತೆಗೆದು ನನ್ನ ತಲೆಯ ಪಕ್ಕದ ಗೂಟಕ್ಕೆ ತೂಗುಹಾಕಿದಳು. ಬಳೆಗಳು ಕಿಣಿಕಿಣಿ ಎಂದು ಆಡಿ ನಿಂತವು. ಸರ ಮೇಲೆ ಗೋಡೆಗೆ ತಾಗಿತ್ತು. ಕೆಳಗೆ ಬರುತ್ತ ಬರುತ್ತ ಗೋಡೆಯನ್ನು ಬಿಟ್ಟು ಮೂರು ಬೆರಳು ದೂರ ನಿಂತಿತ್ತು. ಆ ಮನೆಯಲ್ಲಿ ಮೂವತ್ತು ವರ್ಷ ಬಾಳಿದ್ದೇನೆ. ಆ ಗೂಟಕ್ಕೆ ಹಗ್ಗ, ಚೀಲ, ಜೋಳದ ತೆನೆ ಎಲ್ಲ ತೂಗುಹಾಕಿದ್ದೇನೆ. ಒಂದು ದಿನವೂ ಆ ಮೂರು ಬೆರಳು ಜಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದು ಸುಳ್ಳು ಹೇಳಂಗಿಲ್ಲ," ಎಂದಳು ಖಾಸಿಂಬಿ. "ಗ್ವಾಡಿ ಬಿಟ್ಟು ಒಂದ ಹೆಜ್ಜಿ ಮುಂದ ಬಾ. ಬಳಿ ಹೆಂಗ ನಿಂತಾವ ನೋಡಿ ಹಂಗ ನಿಂದ್ರು. ಎದಿ ಉಬ್ಬಸಬ್ಯಾಡ, ಇಲ್ಲಿ ಯಾರೂ ಫೋಟೋ ತೆಗಿಯಾಕತ್ತಿಲ್ಲ. ಹೊಟ್ಟಿ ಬಿಡು. ಬಾಲ ಮುದುಡಿದ ನಾಯಿ ಹಂಗ ಕುಂಡಿ ಯಾಕ ಒಳಗ ತುರುಕೀ? ಹಿಂದ ಬಿಡು. ತೂಕ ಹಿಮ್ಮಡಿಗೆ ಇಳೀಲಿ. ಹೆಗಲ ಒಮ್ಮಿ ಹಿಂದಕ್ಕ ಹೊರಳಿಸಿ ಸುಮ್ಮನ ಕೈಬಿಡು. ತಲಿ ಮ್ಯಾಲ ನನ್ನ ಪೆಟಗಿ ಐತಿ ಅಂದ್ಕೊ."

ಒಂದೊಂದೇ ಮಾಡಿದೆ. ಮೊದಲು ಹಿಂದಕ್ಕೆ ಬಿದ್ದೇ ಹೋಗುತ್ತೇನೆ ಎಂದು ಹೆದರಿಕೆಯಾಯಿತು. ಆಮೇಲೆ ಒಳಗೆ ಏನೋ ಕೈಬಿಟ್ಟಿತು. ನೀರು ತಗ್ಗು ಹುಡುಕಿಕೊಂಡು ಇಳಿಯುವಂತೆ ಮೈಯ ಭಾರವೆಲ್ಲ ಎಲುಬಿನಿಂದ ಎಲುಬಿಗೆ ಇಳಿದು ಹಿಮ್ಮಡಿಯಿಂದ ಭೂಮಿಗೆ ಹೋಯಿತು. ಹೊರಲು ಏನೂ ಉಳಿದಿರಲಿಲ್ಲ. ಹತ್ತು ಉಸಿರು ಎಣಿಸುವಷ್ಟು ಹೊತ್ತು ನೋವಿಲ್ಲದೆ ನಿಂತೆ. ಹತ್ತು ತಿಂಗಳಲ್ಲಿ ಮೊದಲ ಹತ್ತು ಉಸಿರು. ನನ್ನ ಬಾಯಿಂದ "ಶಿವನೇ" ಎಂಬುದು ಬೇಡಿಕೆಯಾಗದೆ ಬಂದದ್ದು ಅಂದೇ ಮೊದಲು. ಇಷ್ಟು ವರ್ಷ ಭೂಮಿತಾಯಿ ಹೊರುತ್ತೇನೆ ಬಾ ಎಂದರೂ ನಾನು ಕೊಡದೆ ಜಗಳವಾಡಿದ್ದೆ ಅನ್ನಿಸಿತು.

ಕಣ್ಣು ತೆರೆದಾಗ ಎದುರಿಗೆ ಬಾಗಿಲ ಚೌಕಟ್ಟು. ಅದಕ್ಕೂ ನನಗೂ ಹೊಂದುತ್ತಿರಲಿಲ್ಲ. "ಅಕ್ಕಾ, ಇದು ಓರಿ ನಿಂತಂಗ ಆತಲ್ಲ. ಮಂದಿ ನೋಡಿದರ?"

"ಮಂದಿಗೆ ನಿನ್ನ ಟೊಂಕ ಒಂದಿನ ಕೊಟ್ಟು ಕಳಸು. ಇಟಗೊಂಡು ನೋಡ್ಲಿ."

ಹೋಗುವ ಮೊದಲು ಇನ್ನೊಂದು ಕಲಿಸಿದಳು. ಬಳೆಯ ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಮುಚ್ಚಿ ತೋರಿಸಿದಳು. "ಇದು ಎಲ್ಲಿ ಮಡಚತೈತಿ?"

"ಬಿಜಾಗರಿ ಇದ್ದಲ್ಲಿ."

"ನಡುಮಧ್ಯ ಮಡಚಿದರ?"

"ಹಲಗಿ ಮುರೀತೈತಿ."

"ಮತ್ತ ನೀ ಬಗ್ಗೂಮುಂದ ಹಲಗಿನ ಮುರಿಯಾಕತ್ತೀಯಲ್ಲವಾ!" ನನ್ನ ತೊಡೆ ಸೊಂಟಕ್ಕೆ ಸೇರುವ ಕಡೆ ಎರಡೂ ಕೈ ಒತ್ತಿ ಹೇಳಿದಳು. "ದೇವರು ಬಿಜಾಗರಿ ಇಲ್ಲಿ ಕೂಡಿಸ್ಯಾನ. ಮೊಳಕಾಲ ಸ್ವಲ್ಪ ಸಡಲ ಬಿಡು, ಕುಂಡಿ ಹಿಂದ ಹೋಗಲಿ, ಬೆನ್ನು ಮುಚ್ಚಳದಂಗ ಒಂದ ಹಲಗಿ ಆಗಿ ಇಳೀಲಿ. ತಿರಗೂಮುಂದ ಟೊಂಕ ತಿರುಚಬ್ಯಾಡ, ಹೆಜ್ಜಿ ತಿರಗಿಸು."

ಆಮೇಲಿನ ಎರಡು ತಿಂಗಳು ನಮ್ಮ ಮನೆಗೆ ಉರುಳಿ ಬಂದದ್ದೆಲ್ಲ ನನ್ನ ಪಾಠವಾಯಿತು. ಬೆಳಿಗ್ಗೆ ಬಾಗಿಲಲ್ಲಿ ಕಾಯುತ್ತಿದ್ದೆ. ನಿಂಬೆಹಣ್ಣು ಬಂತು, ಬಿಜಾಗರಿ ಮಡಚಿದೆ, ಎತ್ತಿದೆ, ಹೊಸ್ತಿಲ ಪಕ್ಕ ಇಟ್ಟೆ. ಮೊದಲ ದಿನ ಒಂದು ನಿಂಬೆಹಣ್ಣಿಗೇ ಸುಸ್ತಾಗಿ ಕೂತೆ. ವಾರದಲ್ಲಿ ಉಳ್ಳಾಗಡ್ಡಿಗೆ ಬಂದೆ. ಅಡಿವೆಪ್ಪ ಎತ್ತಿಕೊಡಲು ಓಡಿಬಂದರೆ, "ಮುಟ್ಟಬ್ಯಾಡ್ರಿ, ಅದು ನಂದು" ಎಂದು ಗದರುತ್ತಿದ್ದೆ. ಕಸ ಗುಡಿಸುವುದು, ಬಿಂದಿಗೆ ಎತ್ತುವುದು, ಸೀರೆ ಒಗೆಯುವುದು, ಹೊರಸಿನಿಂದ ಏಳುವುದು, ಒಂದೊಂದನ್ನೂ ಹೊಸದಾಗಿ ಕಲಿತೆ. ಐವತ್ತೆರಡು ವರ್ಷ ಮಾಡಿದ ಕೆಲಸಗಳಲ್ಲಿ ಒಂದೂ ನನಗೆ ಬರುತ್ತಿರಲಿಲ್ಲ ಎಂದು ಗೊತ್ತಾದಾಗ ನಾಚಿಕೆಯೂ ಆಯಿತು, ನಗುವೂ ಬಂತು. ನಡುಪಟ್ಟಿಯನ್ನು ಬಿಚ್ಚಿ ಎಮ್ಮೆಯ ಕರುವಿಗೆ ಕಟ್ಟಿದೆವು.

ಓಣಿಯಲ್ಲಿ ಸುದ್ದಿ ಹಬ್ಬಿತು. ಮುರಿಗೆವ್ವ ವಾಲಿದಳು. ನಾನು ನೀರಿಗೆ ಹೊರಟರೆ ಮಕ್ಕಳು ಹಿಂದೆ ಬಂದು ನನ್ನ ಹಾಗೆ ನಡೆದು ತೋರಿಸುತ್ತಿದ್ದವು. ಶರಣವ್ವ ನೋಡಲು ಬಂದವಳು ಬಾಗಿಲಲ್ಲೇ ಗಲ್ಲಕ್ಕೆ ಕೈ ಇಟ್ಟುಕೊಂಡು, "ಏನ ಕೋಡಂಗಿತನ ಇದು ಮುರಿಗೆವ್ವಾ? ನಿಮ್ಮತ್ತಿ ಬಾಗಿದರೂ ಗ್ವಾಡಿ ಬಿಟ್ಟು ಬಾಗಲಿಲ್ಲ. ಒಲಿ ಹೋದರ ಹೋಗಲಿ, ಮಾನ ಉಳಿಸ್ಕೊ" ಎಂದಳು. ಅವಳ ಮಾತು ಎದೆಗೆ ನಾಟಿತು. ಅದೇ ಸಿಟ್ಟಿನಲ್ಲಿ, ಅವಳ ಎದುರಿಗೇ, ತುಂಬಿದ ಕೊಡವನ್ನು ಮೊದಲಿನ ಹಾಗೆ ಗೋಡೆಗೆ ಸರಿಯಾಗಿ ನಿಂತು ಟೊಂಕ ಮಡಚಿ ಸರ್ರನೆ ಎತ್ತಿ ತೋರಿಸಿದೆ. ಮೂರು ದಿನ ಮತ್ತೆ ಹೊರಸು ಹಿಡಿದೆ. ಆ ಮೂರು ದಿನ ಮಾತ್ರ ನಾನು ಅಳಲಿಲ್ಲ. ಮೈ ಮುರಿದಿಲ್ಲ, ನಾನು ಮರೆತಿದ್ದೆ ಅಷ್ಟೇ. ಮರೆತದ್ದನ್ನು ನೆನಪು ಮಾಡಿಕೊಳ್ಳಬಹುದು. ನಾಲ್ಕನೆಯ ದಿನ ಎದ್ದು ಬಾಗಿಲಿಗೆ ಹೋಗಿ ನಿಂಬೆಹಣ್ಣಿಗೆ ಕಾದೆ.

ಕೂರುವುದು ಕೊನೆಯ ಪಾಠ, ಎಲ್ಲಕ್ಕಿಂತ ಕಷ್ಟದ್ದು. ವಿಚಿತ್ರವೆಂದರೆ ಬೆಳಿಗ್ಗೆ ಮೂಡಲಕ್ಕೆ ಮುಖ ಮಾಡಿ ಕೂತರೆ ಅಷ್ಟೇನೂ ನೋಯುತ್ತಿರಲಿಲ್ಲ. ಸಂಜೆ ಅದೇ ಜಾಗದಲ್ಲಿ ಕೂತರೆ ನೆಲ ಹಿಂದಕ್ಕೆ ವಾಲಿ, ನಾನು ಬಾಲದ ಎಲುಬಿನ ಮೇಲೆ ಕುಸಿದು, ಕಾಲು ಗಳಿಗೆಯಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಅಡಿವೆಪ್ಪ ಉಳಿ ಕೆಳಗಿಟ್ಟು ಇದನ್ನು ಎರಡು ಸಂಜೆ ಕೂತು ನೋಡಿದರು. ಮೂರನೆಯ ಸಂಜೆ ಒಂದು ಮಣೆ ತಂದು ಮುಂದಿಟ್ಟರು. ಬೇವಿನ ಮಣೆ, ಹಿಂಬದಿ ಎತ್ತರ, ಮುಂಬದಿ ತಗ್ಗು.

"ಊರಾಗಿನ ಹೊರಸಿಗೆಲ್ಲಾ ಬೆಣಿ ಕೊಟ್ಟೆ," ಎಂದರು ನೆಲ ನೋಡುತ್ತ. "ಮನ್ಯಾಗಿನ ಹೆಂಗಸಿಗೆ ಕೊಡಬೇಕು ಅಂತ ಹೊಳೀಲಿಲ್ಲ ನೋಡು."

ಅದರ ಮೇಲೆ ಕೂತೆ. ಸೊಂಟ ತಾನಾಗಿ ಮುಂದಕ್ಕೆ ಬಾಗಿತು, ಅದರ ಮೇಲೆ ಬೆನ್ನು ತಾನಾಗಿ ಎದ್ದು ನಿಂತಿತು. ಒಂದರ ಮೇಲೊಂದು ಗಡಿಗೆ ಹೊಂದಿಸಿದ ಹಾಗೆ. ಆ ಸಂಜೆ ಒಂದು ಸೇರು ಹಿಟ್ಟಿನ ರೊಟ್ಟಿ ಬಡಿದೆ. ಅದನ್ನೇ ಇಬ್ಬರೂ ಉಂಡೆವು.

ಹಿರೇವಾಲಿನ ದಿನ ಬಂತು. ಕೋಳಿ ಕೂಗುವ ಮುಂಚೆ ಮಿಂದು, ವಿಭೂತಿ ಧರಿಸಿ, ಮಣೆ ಕಂಕುಳಲ್ಲಿ ಇಟ್ಟುಕೊಂಡು ಮಠಕ್ಕೆ ನಡೆದೆ. ತುದಿಯ ಒಲೆಯ ಪಕ್ಕ ಶರಣವ್ವನ ಸೊಸೆ ಸೆರಗು ಬಿಗಿದು ತಯಾರಾಗಿ ನಿಂತಿದ್ದಳು. ನನ್ನನ್ನು ನೋಡಿ ಪಾಪ, ಪಕ್ಕಕ್ಕೆ ಸರಿದಳು. ಗುರುಪಾದಯ್ಯನವರು, "ನೋಡು ತಾಯಿ, ಇವತ್ತಿನ ವಾಲು ದೊಡ್ಡದು. ಗಟ್ಟಿ ಇದ್ದವರ ಟೊಂಕನ ಹಿಡಿಯೋ ದಿನ. ನಡುವ ಎದ್ದರ ಈಕಿ ಕುಂಡ್ರತಾಳ. ಬ್ಯಾಸರ ಮಾಡ್ಕೋಬ್ಯಾಡ" ಎಂದರು.

"ಇಲ್ರಿ ಅಯ್ಯಾರ. ಬೆಂಕಿ ಕೊಡ್ರಿ."

ಒಲೆ ಹೊತ್ತಿಸಿ, ಎಸರು ಇಟ್ಟು, ಮಣೆಯನ್ನು ಸಂಜೆಗೆಂದು ಪಕ್ಕಕ್ಕಿಟ್ಟುಕೊಂಡು, ಹಿಟ್ಟು ನಾದಲು ಕೂತೆ. ಸೂರ್ಯ ಎದ್ದ. ಊರು ವಾಲತೊಡಗಿತು. ಮಡಕೆಗಳು ಕಿರುಗುಟ್ಟಿದವು, ತೂಗುದೀಪಗಳು ಗೋಡೆಯಿಂದ ದೂರವಾದವು, ಹೊರಗೆ ನಾಯಿಗಳು ಬೊಗಳಿದವು. ಹಿಂದಿನ ಆರು ಜನ "ಯವ್ವಾ, ಶಿವಾ" ಎನ್ನುತ್ತ ಗೋಡೆಯ ನಿಲುವಿಗೆ ಮೈ ಬಿಗಿದರು. ನಾನೂ ಹೆದರಿ ಕಾಯುತ್ತಿದ್ದೆ. ಆದರೆ ನೋವು ಬರಲಿಲ್ಲ. ನೆಲ ಮುಂದಕ್ಕೆ ಇಳಿದಷ್ಟೂ ನನ್ನ ಸೊಂಟ ಅದರ ಜೊತೆ ಇಳಿಯಿತು, ಬೆನ್ನು ಹಗುರಾಗಿ ಮೇಲೆದ್ದಿತು. ಅಡಿವೆಪ್ಪ ಮರದಲ್ಲಿ ಕೆತ್ತಿಕೊಟ್ಟದ್ದನ್ನು ಊರು ತಾನೇ ನೆಲದಲ್ಲಿ ಕೆತ್ತಿ ನನ್ನ ಕೆಳಗೆ ಇಟ್ಟಿತ್ತು. ಇಪ್ಪತ್ತಾರು ವರ್ಷ ಪ್ರತಿ ಬೆಳಿಗ್ಗೆ ಇಟ್ಟಿತ್ತು. ನಾನೇ ಅದಕ್ಕೆ ಮೈ ಬಿಟ್ಟು ಕೂತಿರಲಿಲ್ಲ. ಎಲ್ಲರೂ 'ಈ ದಿನ ಅವಳನ್ನು ಕೆಡವುತ್ತದೆ' ಎಂದುಕೊಂಡಿದ್ದ ದಿನವೇ ನನ್ನನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿತು.

ರೊಟ್ಟಿ ಬಡಿದೆ. ಗದ್ದುಗೆಗೆ ಮೊದಲ ರೊಟ್ಟಿ ಹೋಯಿತು. ಪಂಕ್ತಿಯ ಮೇಲೆ ಪಂಕ್ತಿ ಕೂತವು. ಉಂಡೆಗಳು ಉರುಳಿ ಬಂದವು. ಮಂಡಿಯೂರಿ ಇಡೀ ಮೈಯನ್ನೇ ತಿರುಗಿಸಿ ಹಿಂದಕ್ಕೆ ಕೊಟ್ಟೆ. "ತಗೋ ಶರಣವ್ವಾ, ನಿನ್ನ ಕೂಸು ಓಡಿ ಬಂತು." ಅವಳು ಉಸಿರು ಬಿಗಿಹಿಡಿದು ಇಸಿದುಕೊಂಡಳು. ಬೈಯಲಿಕ್ಕೂ ಅವಳಲ್ಲಿ ತ್ರಾಣ ಇರಲಿಲ್ಲ.

ಹೊತ್ತು ನೆತ್ತಿಗೆ ಬಂದು ಊರು ಮಟ್ಟವಾದಾಗ ಎಲ್ಲರೂ ಅಪ್ಪಾ ಎಂದು ಸುಧಾರಿಸಿಕೊಂಡರು. ನನಗೆ ಆಗ ಶುರುವಾಯಿತು. ಕೆಳಗಿನ ಇಳಿಜಾರು ಮಾಯವಾಗಿ ಸೊಂಟ ಹಿಂದಕ್ಕೆ ಜಗ್ಗಿತು, ಎಡಗಾಲಿನಲ್ಲಿ ಹಳೆಯ ನೋವು ಸಣ್ಣಗೆ ಹರಿಯಿತು. ಗುರುಪಾದಯ್ಯನವರ ಕಣ್ಣು ನನ್ನ ಮೇಲೇ ಇತ್ತು. ಶರಣವ್ವನ ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ನಾನು ಕೈ ನಿಲ್ಲಿಸದೆ ಬೇವಿನ ಮಣೆಯನ್ನು ಕೆಳಗೆ ಸರಿಸಿಕೊಂಡೆ. ಒಂದು ಉಸಿರು, ಎರಡು ಉಸಿರು. ಭಾರ ತನ್ನ ದಾರಿ ಹುಡುಕಿಕೊಂಡು ಇಳಿಯಿತು. ನೋವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಹಂಚಿನ ಮೇಲಿನ ರೊಟ್ಟಿ ಪೂರಿಯಂತೆ ಉಬ್ಬಿತು.

ಆಮೇಲೆ ಪಡುವಲದ ವಾಲು. ನೆಲ ಹಿಂದಕ್ಕೆ ಜಾರಿದಷ್ಟೂ ಮಣೆಯ ಕೆಳಗೆ ಮಡಚಿದ ಗೋಣಿಚೀಲ ಸೇರಿಸುತ್ತ ಹೋದೆ. ಒಂದು, ಎರಡು, ಮೂರು. ಹೊರಗೆ ಪಂಕ್ತಿಯಲ್ಲಿ "ರೊಟ್ಟಿ, ರೊಟ್ಟಿ" ಎಂಬ ಕೂಗು ತೆಳುವಾಯಿತು. ದೀಪ ಹಚ್ಚುವವರು ಬಂದರು. ಕಡೆಯ ಪಂಕ್ತಿಗೆ ಬಡಿಸುವ ಹುಡುಗರು ಸೋತು ಕಂಬಕ್ಕೆ ಒರಗಿದ್ದರು. ಕಡೆಯ ರೊಟ್ಟಿಯನ್ನೂ ಬೇಯಿಸಿ ಬುಟ್ಟಿಗೆ ಹಾಕಿ ನಾನು ಕೈ ಊರದೆ ಎದ್ದೆ. ರೊಟ್ಟಿಯ ಬುಟ್ಟಿ ಹಿಡಿದು ಪಂಕ್ತಿಗೆ ನಡೆದೆ. ನಲವತ್ತು ಎಲೆ. ನಲವತ್ತು ಸಲ ಬಗ್ಗಿ ಬಡಿಸಿದೆ, ನಲವತ್ತು ಸಲ ಎದ್ದೆ. ಕಡೆಯ ಎಲೆಯ ಮುಂದೆ ಕೂತಿದ್ದವರು ಅಡಿವೆಪ್ಪ. ರೊಟ್ಟಿ ಹಾಕಿದರೂ ತಿನ್ನದೆ ನನ್ನನ್ನೇ ನೋಡುತ್ತಿದ್ದರು. "ಉಣ್ರಿ, ಆರಿ ಹೊಕ್ಕೇತಿ" ಎಂದೆ.

ಒಳಗೆ ಬಂದಾಗ ಅಡುಗೆಮನೆ ಬೇರೆಯಾಗಿ ಕಂಡಿತು. ಆರು ಹೆಂಗಸರೂ ತಂತಮ್ಮ ಒಲೆಯ ಮುಂದೆ ಇನ್ನೂ ಕೂತಿದ್ದರು. ಒಬ್ಬಳು ಮಡಚಿದ ಕಂಬಳಿಯ ಮೇಲೆ, ಒಬ್ಬಳು ಬೋರಲು ಹಾಕಿದ ಮೊರದ ಅಂಚಿನ ಮೇಲೆ, ಶರಣವ್ವ ಎರಡು ಸೌದೆ ತುಂಡಿನ ಮೇಲೆ. ಒಬ್ಬರ ಬೆನ್ನೂ ಗೋಡೆಗೆ ಹೊಂದುತ್ತಿರಲಿಲ್ಲ.

"ಏನ ನೋಡ್ತಿ?" ಎಂದಳು ಶರಣವ್ವ. "ಮುಂಜಾನಿಯಿಂದ ನಿನ್ನ ಬೆನ್ನ ನೋಡಿ ನೋಡಿ ನನ್ನ ಬೆನ್ನಿಗೂ ಹೊಟ್ಟಿಕಿಚ್ಚ ಹತ್ತಿತವಾ. ಇದು ಸರಿ ಕುಂತಂಗ ಐತೋ ಇಲ್ಲೋ ಹೇಳು ಮೊದಲ."

"ಕುಂಡಿ ಇನ್ನೊಂಚೂರು ಹಿಂದ ಬಿಡು."

"ಥೂ, ಅಯ್ಯಾರ ಇಲ್ಲೇ ಅದಾರ!"

ಗುರುಪಾದಯ್ಯನವರು ಬಾಗಿಲಲ್ಲಿ ನಿಂತಿದ್ದರು. ಆರು ಓರೆ ಬೆನ್ನುಗಳನ್ನು ನೋಡಿದರು, ನನ್ನನ್ನು ನೋಡಿದರು, ಆರದ ಒಲೆಯನ್ನು ನೋಡಿದರು. ಉಗ್ರಾಣಕ್ಕೆ ಹೋಗಿ ನಾಳಿನ ಹಿಟ್ಟಿನ ಬುಟ್ಟಿಯನ್ನು ಹೊಸ್ತಿಲವರೆಗೆ ಎಳೆದುಕೊಂಡು ಬಂದು ನಿಲ್ಲಿಸಿದರು. "ನಾಳೆ ಸಜ್ಜಿ ರೊಟ್ಟಿ. ತುದಿ ಒಲಿಯವರು ಎಳ್ಳು ಹಚ್ಚೋದು ಮರೀಬ್ಯಾಡ್ರಿ" ಎಂದು ಹೇಳಿ, ಅದನ್ನು ಒಳಗೆ ತಂದಿಡಲು ಆಳನ್ನು ಕೂಗಬೇಕೆಂದು ಅಂಗಳದ ಕಡೆ ತಿರುಗಿದರು.

ಅವರು ಕೂಗುವಷ್ಟರಲ್ಲಿ ನಾನು ಬುಟ್ಟಿ ಎತ್ತಿ ನನ್ನ ಒಲೆಯ ಬಲಕ್ಕೆ ಇಟ್ಟಾಗಿತ್ತು.